ಕಾಂಗೋ ಗುಡ್ಡದ ಪೋಸ್ಟ್‌ನಲ್ಲಿ ಹದಿಮೂರು ತಿಂಗಳು: ಯುಎನ್ ಲಿಸ್ಟ್‌ನಲ್ಲಿ ಹೆಸರು ಬಂದಿರೋ ಹುಡುಗ್ರಿಗೆ

ನಾನು ಇಂಡಿಯನ್ ಆರ್ಮಿ ಜವಾನ, ಯುಎನ್ ಅಂದ್ರೆ ವಿಶ್ವಸಂಸ್ಥೆಯ ಶಾಂತಿಪಡೆ ಡ್ಯೂಟಿ ಮುಗಿಸಿ ಹೋದ ತಿಂಗಳ ಕೊನೆಗೆ ಕಾಂಗೋದಿಂದ ವಾಪಸ್ ಬಂದೆ. ಹೋಗಿದ್ದು 2012ರ ಸೆಪ್ಟೆಂಬರ್‌ನಲ್ಲಿ, ಲೆಕ್ಕಕ್ಕೆ ಒಂದು ವರ್ಷದ ಟೂರ್, ಆದ್ರೆ ನಮ್ಮ ಜಾಗಕ್ಕೆ ಹೊಸಬರನ್ನ ತರೋ ರಿಲೀಫ್ ಫ್ಲೈಟ್ ಇವತ್ತು ನಾಳೆ ಅಂತ ಮುಂದೆ ಹೋಗ್ತಾ ಹೋಗ್ತಾ 2013ರ ಅಕ್ಟೋಬರ್ ಮುಗಿಯೋ ಹೊತ್ತಿಗೆ ದಿಲ್ಲಿಗೆ ಇಳಿದ್ವಿ. ಈಗ ರಜೆ ಮೇಲೆ ಗೋಕಾಕ ತಾಲೂಕಿನ ನಮ್ಮ ಹಳ್ಳಿಯಲ್ಲಿದೀನಿ. ಹೋಗೋಕೆ ಮುಂಚೆ ನಾನು ಎಷ್ಟು ಮಂದಿನ್ನ ಕೇಳಿದ್ದೆ, ಅಲ್ಲಿ ಹೆಂಗಿರ್ತದೆ, ಯಾವ ಯಾವ ಕಾಗದ ಬೇಕು, ಖರೇ ಫೈರಿಂಗ್ ಆಗ್ತದಾ ಇಲ್ಲಾ ಅಂತ, ಒಬ್ಬರೂ ನೆಟ್ಟಗೆ ಹೇಳ್ಲಿಲ್ಲ, "ಡಾಲರ್ ಸಿಗ್ತಾವ, ಸುಮ್ನ ಹೋಗಲೇ" ಅಂದೋರೇ ಎಲ್ಲಾ. ಅದಕ್ಕೇ ಈಗ, 2013ರ ನವೆಂಬರ್‌ನಲ್ಲಿ, ಕೂತು ಬರೀತಿದೀನಿ. ಯೂನಿಟ್ ಹೆಸರು, ಪೋಸ್ಟ್ ಹೆಸರು, ಸಾಹೇಬ್ರ ಹೆಸರು ಬರೆಯಲ್ಲ, ಕೇಳಬ್ಯಾಡ್ರಿ. ಐದು ವರ್ಷದಿಂದ ಲಂಗರ್, ಅಂದ್ರೆ ಫೌಜಿ ಅಡುಗೆಮನೆ, ಹಿಂದಿಯಲ್ಲೇ ಬಾಳ್ವೆ ಮಾಡಿದೀನಿ, ಕನ್ನಡ ಅಲ್ಲಲ್ಲಿ ಖಿಚಡಿ ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ಮೊದ್ಲು ಕಾಗದದ ಕಥೆ, ಯಾಕಂದ್ರೆ ನನಗೆ ಗುಂಡಿಗಿಂತ ಹೆಚ್ಚು ಕಾಡಿದ್ದು ಅದೇ. ನಮ್ಮಪ್ಪನ ಹೆಸರಿನ ಕೊನೆಗೆ "ಅಪ್ಪ" ಬರ್ತದೆ. ಭರ್ತಿ ಟೈಮಲ್ಲಿ ಇಂಗ್ಲಿಷ್‌ನಲ್ಲಿ ಬರೆದಾಗ ಒಂದು ಪೀ ಹಾಕಿದ್ರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಎರಡು ಪೀ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎರಡು ಪೀ ಜೊತೆಗೆ ಊರಿನ ಹೆಸರೂ ಸೇರ್ಕೊಂಡಿದೆ. ಅಲ್ಲಿವರೆಗೆ ಯಾರಿಗೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಯುಎನ್ ನಾಮಿನಲ್ ರೋಲ್, ಅಂದ್ರೆ ಹೋಗೋರ ಹೆಸರಿನ ಪಟ್ಟಿ, ಮಾಡೋವಾಗ ಕ್ಲರ್ಕ್ ಉಸ್ತಾದ್ ಮೂರೂ ಕಾಗದ ಟೇಬಲ್ ಮೇಲಿಟ್ಟು "ಇದ್ರಲ್ಲಿ ನೀನು ಯಾರು?" ಅಂದ್ರು. ಊರಿಂದ ಅಫಿಡವಿಟ್ ಮಾಡಿಸಿ ಕಳಿಸೋಕೆ ಅಪ್ಪ ಗೋಕಾಕಕ್ಕೆ ನಾಲ್ಕು ಸಲ ಅಡ್ಡಾಡಿದ, ಒಂದು ಸಲ ವಕೀಲ ಇಲ್ಲ, ಒಂದು ಸಲ ಸ್ಟ್ಯಾಂಪ್ ಪೇಪರ್ ಇಲ್ಲ, ಒಂದು ಸಲ ಕರೆಂಟ್ ಇಲ್ಲ ಅಂತ ಟೈಪ್ ಆಗಲಿಲ್ಲ. ನಿಮ್ಮ ಹೆಸರಲ್ಲೂ ಅಪ್ಪ, ಅವ್ವ, ಗೌಡ, ಊರು ಏನಾದ್ರೂ ಇದ್ರೆ ಲಿಸ್ಟ್ ಬರೋಕೂ ಮುಂಚೆನೇ ಎಲ್ಲಾ ಕಾಗದದಲ್ಲೂ ಒಂದೇ ಸ್ಪೆಲಿಂಗ್ ಇದೆಯಾ ನೋಡ್ಕೊಳ್ರಿ. ಆಮೇಲೆ ಅಲೌನ್ಸ್ ಸಿಕ್ಕಿಹಾಕ್ಕೊಳ್ಳೋದು ಇದೇ ಗಂಟಲ್ಲಿ.

ಆಮೇಲೆ ವಿಲ್. ನನಗೆ ಆಗ 22 ವಯಸ್ಸು. ಫಾರ್ಮ್ ಕೊಟ್ಟು ನಿಮ್ಮ ಹಿಂದೆ ಯಾರಿಗೆ ಏನು ಅಂತ ಬರೀರಿ ಅಂದ್ರು. ಹೊಲ ಅಪ್ಪನ ಹೆಸರಲ್ಲಿದೆ, ನನ್ನದು ಅಂತ ಇರೋದು ಒಂದು ಪಲ್ಸರ್ ಬೈಕು, ಅದಕ್ಕೂ ಎಂಟು ಕಂತು ಬಾಕಿ. ತಮ್ಮನ ಹೆಸರು ಬರೆದೆ. ಪಕ್ಕದಲ್ಲಿ ಕೂತಿದ್ದ ಹುಡುಗ, ಸಾಂಗ್ಲಿ ಕಡೆಯವನು, ನನ್ನ ಫಾರ್ಮ್ ನೋಡಿ ಭಾಳ ನಕ್ಕ, ಆಮೇಲೆ ತನ್ನ ಫಾರ್ಮ್‌ನಲ್ಲಿ ಬರೆಯೋಕೆ ಏನೂ ಇಲ್ಲ ಅಂತ ಪೆನ್ನು ಹಿಡ್ಕೊಂಡು ಸುಮ್ನೆ ಕೂತ.

ಮೆಡಿಕಲ್, ಹಲ್ಲು, ಎಕ್ಸ್‌ರೇ ಎಲ್ಲಾ ಆಗ್ತದೆ, ಅದರ ಬಗ್ಗೆ ಹೇಳೋಕೆ ಏನಿಲ್ಲ. ಯೆಲ್ಲೋ ಫೀವರ್ ಸೂಜಿ ಮಾತ್ರ ನೆನಪಿಡ್ರಿ. ಚುಚ್ಚಿಸ್ಕೊಂಡು 10 ದಿನ ಆದ್ಮೇಲೇ ಆ ಹಳದಿ ಕಾರ್ಡ್‌ಗೆ ಬೆಲೆ. ಅದರ ಎರಡು ಝೆರಾಕ್ಸ್ ಮಾಡಿಸಿ, ಮೂಲ ಕಾರ್ಡ್ ಟ್ರಂಕ್‌ನಲ್ಲಿ ಹಾಕಬ್ಯಾಡ್ರಿ, ಮೈಮೇಲೆ ಇಟ್ಕೊಳ್ರಿ. ಹೋಗೋವಾಗಲ್ಲ, ವಾಪಸ್ ಬರೋವಾಗ ಬೇಕಾಗೋದು. ನಮ್ಮ ಜೊತೆ ಒಬ್ಬ ಕಳ್ಕೊಂಡಿದ್ದ, ಎಲ್ಲರೂ ಮನೆಗೆ ಫೋನ್ ಮಾಡಿ "ಬಂದ್ವಿ" ಅಂತಿರ್ಬೇಕಾದ್ರೆ ಅವನ್ನ ದಿಲ್ಲಿಯಲ್ಲೇ ಕ್ವಾರಂಟೈನ್‌ಗೆ ಕರ್ಕೊಂಡು ಹೋದ್ರು, 6 ದಿನ.

ದಿಲ್ಲಿಯಲ್ಲಿ ಟ್ರೇನಿಂಗ್ ಆಯ್ತು. ಅಲ್ಲಿ ಎರಡು ಪಾಠ ನನ್ನ ತಲೆಯಲ್ಲಿ ಕೂತವು. ಒಂದು, 1961ರಲ್ಲಿ ಇದೇ ಕಾಂಗೋದಲ್ಲಿ ಎಲಿಸಬೆತ್‌ವಿಲ್ ಅನ್ನೋ ಊರಲ್ಲಿ ಸತ್ತು ಪರಮವೀರ ಚಕ್ರ ತಗೊಂಡ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ. ಅದನ್ನ ಕೇಳಿ ಎಲ್ಲಾ ಹುಡುಗ್ರ ಎದೆ ಉಬ್ಬಿತ್ತು. ಇನ್ನೊಂದು 2010ರ ಆಗಸ್ಟ್‌ನಲ್ಲಿ ಕಿರುಂಬಾ ಅನ್ನೋ ಕಡೆ ನಡೆದಿದ್ದು. ರಾತ್ರಿ ಹೊತ್ತಲ್ಲಿ ಪೊದೆಯಿಂದ ಐವತ್ತು ಅರವತ್ತು ಮಂದಿ ಮಚ್ಚು ಭರ್ಚಿ ಹಿಡ್ಕೊಂಡು ನಮ್ಮ ಬೇಸ್‌ಗೆ ನುಗ್ಗಿ ಮೂರು ಜನ ಇಂಡಿಯನ್ ಜವಾನರನ್ನ ಕೊಂದರು. ಅದನ್ನ ಹೇಳ್ದಾಗ ಯಾರ ಎದೆನೂ ಉಬ್ಬಲಿಲ್ಲ. ಈ ಕಿರುಂಬಾ ಮಾತು ಮುಂದೆ ಮತ್ತೆ ಬರ್ತದೆ.

ದಿಲ್ಲಿಯಿಂದ ಉಗಾಂಡಾದ ಎಂಟೆಬೆ, ಅಲ್ಲಿಂದ ಯುಎನ್ ವಿಮಾನದಲ್ಲಿ ಗೋಮಾ. ಗೋಮಾದಲ್ಲಿ ಇಳಿದ ಕೂಡ್ಲೇ ನೆಲ ನೋಡಿ ಗಾಬರಿ ಆಯ್ತು, ಎಲ್ಲಿ ನೋಡಿದ್ರೂ ಕರ್ರಗೆ ಸುಟ್ಟ ಇದ್ದಿಲಿನಂಥ ಕಲ್ಲು. ನಿರಾಗೋಂಗೊ ಜ್ವಾಲಾಮುಖಿ 2002ರಲ್ಲಿ ಉಕ್ಕಿ ಊರೊಳಗೆ ಹರಿದಿತ್ತಂತೆ, ಏರ್‌ಪೋರ್ಟ್ ರನ್‌ವೇ ಒಂದು ತುದಿ ಆ ಲಾವಾದ ಕೆಳಗೇ ಹೋಗಿತ್ತು. ಅದೇ ಕಲ್ಲು ಒಡೆದು ಜನ ಮನೆ ಗೋಡೆ ಕಟ್ಕೊಂಡಿದ್ದಾರೆ. ರಾತ್ರಿ ಗುಡ್ಡದ ತುದಿ ಮೇಲೆ ಮೋಡ ಕೆಂಪಗೆ, ನಮ್ಮ ಕಡೆ ಕಬ್ಬಿನ ಸೋಗೆಗೆ ಬೆಂಕಿ ಹಚ್ಚಿದಾಗ ದೂರಕ್ಕೆ ಕಾಣೋ ಹಂಗೆ. ರಸ್ತೆ ತುಂಬಾ ಚುಕುಡು ಅಂತ ಕಟ್ಟಿಗೆ ಸ್ಕೂಟರ್, ಚಕ್ರನೂ ಕಟ್ಟಿಗೆದೇ, ಅದರ ಮೇಲೆ ಆಲೂಗಡ್ಡೆ ಚೀಲ ಹೇರ್ಕೊಂಡು ಇಳಿಜಾರಲ್ಲಿ ಹುಡುಗ್ರು ಬರ್ ಅಂತ ಇಳೀತಾರೆ. ಇನ್ನೊಂದು ತಮಾಷೆ, ಅಲ್ಲೂ ಕೆಂಪು ಏರ್‌ಟೆಲ್ ಬೋರ್ಡ್. ಸಿಮ್ ತಗೊಂಡು ಅವ್ವಗೆ ಫೋನ್ ಹಚ್ಚಿ "ಏರ್‌ಟೆಲ್ ಇಲ್ಲೂ ಐತಿ" ಅಂದ್ರೆ ಅವ್ವ "ಹಂಗಾರ ಭಾಳ ದೂರ ಇಲ್ಲ ಬಿಡು" ಅಂದಳು. ನಮಗೂ ಅಲ್ಲಿಗೂ ಮೂರೂವರೆ ತಾಸು ಫರಕು, ನೀವು ಸಂಜೆ ಆರಕ್ಕೆ ಪುರುಸೊತ್ತು ಅಂತ ಹಚ್ಚಿದ್ರೆ ಊರಲ್ಲಿ ರಾತ್ರಿ ಒಂಬತ್ತೂವರೆ, ಮಲಗಿರ್ತಾರೆ. ಹತ್ತು ಡಾಲರ್ ಹಾಕಿಸಿದ್ರೆ ಅರ್ಧ ತಾಸಿನ ಮಾತಿಗೂ ಸಾಲ್ತಿರಲಿಲ್ಲ, ಅದರಲ್ಲಿ ಅರ್ಧ "ಹಲೋ ಕೇಳಸ್ತದೇನು" ಅನ್ನೋದಕ್ಕೇ ಹೋಗೋದು.

ರೊಕ್ಕದ ವಿಷ್ಯ ಒಂದು ಹೇಳ್ಬಿಡ್ತೀನಿ. ಯುಎನ್‌ನವರು ಕೈಗೆ ಕೊಡೋ ದಿನದ ಭತ್ಯೆ 1 ಡಾಲರ್ 28 ಸೆಂಟ್, ಹೌದು, ಅಷ್ಟೇ, ಉಳಿದ ದೊಡ್ಡ ಅಲೌನ್ಸ್ ನಮ್ಮ ಸರ್ಕಾರದ ಕಡೆಯಿಂದ ಖಾತೆಗೆ ಬರೋದು. ಅಲ್ಲಿ ಡಾಲರ್ ಎಲ್ಲಾ ಕಡೆ ನಡೀತದೆ, ನಾವಿದ್ದಾಗ ಒಂದು ಡಾಲರ್‌ಗೆ 920 ಕಾಂಗೋ ಫ್ರಾಂಕ್ ಹತ್ರ ಹತ್ರ. ಆದ್ರೆ ನೋಟಿನ ಅಂಚು ಉಗುರಿನಷ್ಟು ಹರಿದಿದ್ರೂ ಅಂಗಡಿಯವ ಮುಟ್ಟಲ್ಲ. ಮಡಿಚಬ್ಯಾಡ್ರಿ, ಪುಸ್ತಕದ ನಡುವೆ ಇಟ್ಕೊಳ್ರಿ. ನನ್ನ ಹತ್ರ ಒಂದು ಇಪ್ಪತ್ತರ ನೋಟು ಹದಿಮೂರು ತಿಂಗಳು ಹಂಗೇ ಉಳೀತು, ವಾಪಸ್ ತಂದೀನಿ.

ನಾನು ಇನ್‌ಫಂಟ್ರಿ ಜವಾನ, ಜೊತೆಗೆ ಡ್ರೈವರ್ ಟ್ರೇಡ್ ಮಾಡಿದ್ದೆ, ಅದೇ ನನಗೆ ಮೊದಲ ಪೆಟ್ಟು ಕೊಟ್ಟಿದ್ದು. ಅಲ್ಲಿ ಗಾಡಿ ರಸ್ತೆಯ ಬಲಗಡೆ ಓಡಿಸ್ಬೇಕು. ನಮ್ಮ ಜಿಪ್ಸಿ, ಟಾಟಾ ಗಾಡಿಗಳು ಊರಿಂದ ಬಂದವು, ಬಿಳಿ ಬಣ್ಣ ಬಳಿದಿದ್ದು ಬಿಟ್ರೆ ಸ್ಟಿಯರಿಂಗ್ ಬಲಗಡೆನೇ. ಅಂದ್ರೆ ಓವರ್‌ಟೇಕ್ ಮಾಡೋವಾಗ ಡ್ರೈವರ್‌ಗೆ ಎದುರಿನದು ಕಾಣಲ್ಲ, ಪಕ್ಕದವ ಕತ್ತು ಹೊರಗೆ ಹಾಕಿ "ಹಾಂ, ಹಾಂ, ಆವ್" ಅಂತ ಹೇಳ್ಬೇಕು. ಯುಎನ್ ಲೈಸೆನ್ಸ್‌ಗೆ ಬೇರೆ ಟೆಸ್ಟ್ ಇದೆ. ಇಂಡಿಯಾದಲ್ಲಿ ನಾನು ಟ್ರಕ್ ಘಾಟ್ ಇಳಿಸಿದವ, ಮೊದಲ ಸಲ ಫೇಲ್. ಸರ್ಕಲ್‌ನಲ್ಲಿ ಕೈ ತಾನಾಗೇ ಎಡಕ್ಕೆ ಹೋಯ್ತು. ಎರಡನೇ ಸಲಕ್ಕೆ ಹನ್ನೊಂದು ದಿನ ಕಾಯ್ದೆ, ಆ ಹನ್ನೊಂದು ದಿನ ಗೋಮಾದಲ್ಲೇ ಸ್ಯಾಂಡ್‌ಬ್ಯಾಗ್ ತುಂಬಿದ್ದೇ ತುಂಬಿದ್ದು. ಡ್ರೈವರ್ ಹುಡುಗ್ರು ಹೋಗೋ ಮುಂಚೆ ಖಾಲಿ ಮೈದಾನದಲ್ಲಿ ಬಲಗಡೆ ಓಡಿಸಿ ಅಭ್ಯಾಸ ಮಾಡ್ಕೊಳ್ರಿ, ನಗೋರು ನಗಲಿ.

ಲೈಸೆನ್ಸ್ ಸಿಕ್ಕಿದ ಮೇಲೆ ಸಾಕೆ ಅನ್ನೋ ಊರು ದಾಟಿ ಮಸೀಸಿ ಗುಡ್ಡದ ಮೇಲಿನ ಪೋಸ್ಟ್‌ಗೆ ಕಳಿಸಿದ್ರು. ಗೋಮಾದಿಂದ ಸಾಕೆ ಸುಮಾರು 25 ಕಿಲೋಮೀಟರ್, ಅಲ್ಲಿವರೆಗೆ ಪರವಾಗಿಲ್ಲ, ಮೇಲಕ್ಕೆ ಹತ್ತೋದೇ ಬ್ಯಾರೆ ಕಥೆ, ಮಳೆ ಬಂದ್ರೆ ಕೆಸರಲ್ಲಿ ಒಂದು ಗಾಡಿ ಹೂತ್ರೆ ಹಿಂದಿನ ಇಪ್ಪತ್ತು ಗಾಡಿ ರಾತ್ರಿಯಿಡೀ ಅಲ್ಲೇ. ಊರಲ್ಲಿ ಆಫ್ರಿಕಾ ಅಂದ್ರೆ ಎಲ್ಲಾರೂ ಬಿಸಿಲು, ಮರಳು, ಸಿಂಹ ಅನ್ಕೊಂಡಾರೆ. ಮಸೀಸಿ ನೋಡಿದ್ರೆ ಕೊಡಗು ನೆನಪಾಗ್ತದೆ, ಹಸಿರು ಗುಡ್ಡ, ಮಂಜು, ದನ ಮೇಯ್ತಿರ್ತಾವೆ, ಬೆಳಿಗ್ಗೆ ಸ್ವೆಟರ್ ಬೇಕು. ಸ್ವೆಟರ್, ಒಳ್ಳೆ ಹೆಡ್ ಟಾರ್ಚ್, ಎರಡು ಜೊತೆ ಹೆಚ್ಚಿಗೆ ಸಾಕ್ಸ್, ಅವ್ವ ಕೊಟ್ಟ ಶೇಂಗಾ ಚಟ್ನಿ ಪುಡಿ, ಇವಿಷ್ಟೇ ನಾನು ಒಯ್ದಿದ್ರಲ್ಲಿ ಕೆಲಸಕ್ಕೆ ಬಂದದ್ದು. ಹೊಸ ಟ್ರಂಕ್, ಬೂಟು, ಅದು ಇದು ಅಂತ ದಿಲ್ಲಿಯಲ್ಲಿ 6,400 ರೂಪಾಯಿ ಉಡಾಯಿಸಿದ್ದು ದಂಡ.

ಅಲ್ಲಿ ಯಾರು ಯಾರ ಮೇಲೆ ಕಾದಾಡ್ತಾರೆ ಅನ್ನೋದು ನನಗೆ ತಿಳಿಯೋಕೆ ಮೂರು ತಿಂಗಳು ಬೇಕಾಯ್ತು, ಪೂರ್ತಿ ತಿಳೀತು ಅಂತ ಈಗಲೂ ಹೇಳಲ್ಲ. ಎಂ23 ಅಂತ ಒಂದು ಬಂಡುಕೋರ ಗುಂಪು, ಅದು ಸರ್ಕಾರದ ಸೈನ್ಯದಿಂದಲೇ 2012ರಲ್ಲಿ ತಿರುಗಿ ಬಿದ್ದದ್ದು. ಎಫ್‌ಡಿಎಲ್‌ಆರ್ ಅಂತ ರುವಾಂಡಾದಿಂದ ಓಡಿ ಬಂದ ಹುಟು ಜನಾಂಗದ ಮಂದಿಯದು. ನ್ಯಾತುರಾ, ಎಪಿಸಿಎಲ್‌ಎಸ್, ಮಾಯಿ ಮಾಯಿ ಅಂತ ಊರೂರಿಗೊಂದು. ಸರ್ಕಾರಿ ಸೈನ್ಯನೂ ಸಂಬಳ ಸಿಗದಿದ್ರೆ ಅದೇ ಹಳ್ಳಿಯ ಕೋಳಿ ಹಿಡೀತದೆ. ಹಗಲು ಹೊಲದಲ್ಲಿ ಗುದ್ದಲಿ ಹಿಡಿದು ನಮಗೆ ಕೈ ಮಾಡಿ "ಜಾಂಬೊ" ಅಂದವನೇ ರಾತ್ರಿ ಎಕೆ ಹಿಡಿದಿರಬಹುದು. ಇದನ್ನ ನಮಗೆ ಬಿಡಿಸಿ ಹೇಳ್ತಿದ್ದವರು ಇಂಟರ್‌ಪ್ರಿಟರ್, ಮೊದ್ಲು ಸಾಲಿ ಮಾಸ್ತರ್ ಆಗಿದ್ರು, ಅದಕ್ಕೆ ಎಲ್ಲಾರೂ ಮ್ವಾಲಿಮು ಅಂತಾನೇ ಕರೀತಿದ್ವಿ, ಸ್ವಾಹಿಲಿಯಲ್ಲಿ ಮಾಸ್ತರ್ ಅಂತ ಅರ್ಥ. ಭಾಷೆಗೆ ಹೆದರಬ್ಯಾಡ್ರಿ, ಚಾಯ್‌ಗೆ ಚಾಯ್, ಚಪಾತಿಗೆ ಚಪಾತಿ, ಗಾಡಿಗೆ ಗಾರಿ, ಬಂದೂಕಿಗೆ ಬುಂದುಕಿ. ಕಲೀಲೇಬೇಕಾದ್ದು "ಸಿಮಾಮಾ", ಅಂದ್ರೆ ನಿಲ್ಲು.

ಸಿಮಾಮಾ ಯಾಕಂದ್ರೆ ನಮ್ಮ ಜೇಬಲ್ಲಿ ಒಂದು ಲ್ಯಾಮಿನೇಟ್ ಕಾರ್ಡ್ ಇರ್ತದೆ, ಯಾವಾಗ ಗುಂಡು ಹೊಡೀಬಹುದು ಅನ್ನೋ ರೂಲ್ಸ್. ಕೂಗಿ ಹೇಳು, ಮತ್ತೆ ಹೇಳು, ಗಾಳಿಯಲ್ಲಿ ಹೊಡಿ, ಆಮೇಲೆ ಬೇರೆ ದಾರಿ ಇಲ್ಲದಿದ್ರೆ ಮಾತ್ರ ಗುರಿ ಇಟ್ಟು, ಅದೂ ಒಂದೊಂದೇ ರೌಂಡು. ಜನರ ಜೀವಕ್ಕೆ ಕುತ್ತು ಬಂದ್ರೆ ಬಲ ಬಳಸೋ ಅಧಿಕಾರ ಮಿಷನ್‌ಗೆ ಇದೆ, ಆದ್ರೆ ಮೂವತ್ತು ಮಂದಿ ಪೋಸ್ಟ್‌ನಲ್ಲಿ ಕೂತು ಕುತ್ತು ಯಾವುದು ಅಂತ ತೀರ್ಮಾನ ಮಾಡೋದು ಕಾರ್ಡ್ ಓದಿದಷ್ಟು ಸಲೀಸಲ್ಲ.

ನಾನು ಮೇಲೆ ಹೋಗಿ ಸುಮಾರು ಎರಡು ತಿಂಗಳಿಗೆ, 2012ರ ನವೆಂಬರ್ 20ಕ್ಕೆ ಗೋಮಾ ಎಂ23 ಕೈಗೆ ಹೋಯ್ತು. ನಾವು ಅದನ್ನ ವೈರ್‌ಲೆಸ್‌ನಲ್ಲಿ ಕೇಳಿದ್ವಿ. ಮರುದಿನ ಸಾಕೆನೂ ಹೋಯ್ತು, ಅಂದ್ರೆ ನಮ್ಮ ದಾರಿ ಬಂದ್. ಹನ್ನೊಂದು ದಿನಕ್ಕೆ ಅವರೇ ಗೋಮಾ ಬಿಟ್ಟು ಹಿಂದೆ ಸರಿದ್ರು, ಆದ್ರೆ ಆ ಹನ್ನೊಂದು ದಿನ ಮೇಲೆ ಆಟಾ ಎಣಿಸಿ ಎಣಿಸಿ ರೋಟಿ ಮಾಡಿದ್ರು, ಸಿಗರೇಟು ಒಂದನ್ನ ನಾಲ್ಕು ಮಂದಿ ಎಳೆದ್ವಿ. ಹಸಿವಿಗಿಂತ ಕೆಟ್ಟದ್ದು ಜನರ ಮುಖ. ಹಿಂದಿನ ವಾರ ನಮ್ಮ ಗಾಡಿ ಕಂಡ್ರೆ ಓಡಿ ಬರ್ತಿದ್ದ ಹುಡುಗ್ರು ಈಗ ಕಲ್ಲು ಒಗೀತಿದ್ರು. "ಇಷ್ಟು ದೊಡ್ಡ ಬುಂದುಕಿ ಇಟ್ಕೊಂಡು ನೋಡ್ತಾ ನಿಂತ್ರಲ್ಲ" ಅಂತ ಬೈತಿದ್ದಾರೆ ಅಂತ ಮ್ವಾಲಿಮು ಹೇಳಿದ್ರು, ಪೂರ್ತಿ ಹೇಳಲಿಲ್ಲ ಅಂತ ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ನನ್ನ ವಿಂಡ್‌ಸ್ಕ್ರೀನ್‌ಗೆ ಬಿದ್ದ ಕಲ್ಲು ನಿಂಬೆಹಣ್ಣಿನಷ್ಟಿತ್ತು, ಬಿರುಕು ಬಿಟ್ಟ ಗಾಜು ಹಾಕ್ಕೊಂಡೇ ಮೂರು ತಿಂಗಳು ಓಡಿಸಿದೆ. ಅದಕ್ಕೂ ಒಂದು ಸ್ಟೇಟ್‌ಮೆಂಟ್ ಬರೀಬೇಕು, ಎಷ್ಟು ಗಂಟೆಗೆ, ಯಾವ ಕಡೆಯಿಂದ, ಎಷ್ಟು ದೂರದಿಂದ. ಯುಎನ್‌ನಲ್ಲಿ ಎಲ್ಲಾದಕ್ಕೂ ಕಾಗದ ಇದೆ. ಅವತ್ತಿನಿಂದ ಒಂದು ಸಣ್ಣ ಡೈರಿ ಇಟ್ಟೆ, ನೀವೂ ಇಡ್ರಿ, ಗಂಟೆ ಮತ್ತು ಜಾಗ ಬರೆದಿಟ್ಟಿದ್ರೆ ಆಮೇಲೆ ಉಳೀತೀರಿ.

ಮಾರ್ಚ್ 2013ರಲ್ಲಿ ಸೆಕ್ಯುರಿಟಿ ಕೌನ್ಸಿಲ್ ಹೊಸ ಬ್ರಿಗೇಡ್ ಮಾಡ್ತು, ತಾಂಜಾನಿಯಾ, ದಕ್ಷಿಣ ಆಫ್ರಿಕಾ, ಮಲಾವಿ ಸೈನಿಕರು, ಹೋಗಿ ಹುಡುಕಿ ಹೊಡೀರಿ ಅಂತ ಆರ್ಡರ್. ನಮ್ಮ ಹುಡುಗ್ರಿಗೆ ಹೊಟ್ಟೆಯೊಳಗೆ ಸಣ್ಣ ಉರಿ ಆಗಿದ್ದು ಸುಳ್ಳಲ್ಲ.

ಈಗ ಆ ರಾತ್ರಿ. ಮೇ ತಿಂಗಳು, ಸಂಜೆಯಿಂದ ಮಳೆ ಹಿಡಿದಿತ್ತು. ನನಗೆ ಹನ್ನೆರಡರಿಂದ ಎರಡರವರೆಗೆ ಸಂತ್ರಿ ಡ್ಯೂಟಿ, ಉತ್ತರದ ಮೋರ್ಚಾ, ಅಂದ್ರೆ ಸ್ಯಾಂಡ್‌ಬ್ಯಾಗ್ ಪೇರಿಸಿದ ಕಾವಲು ಜಾಗ. ಮೋರ್ಚಾದ ಮುಂದೆ ಮೂರು ಸುತ್ತು ಮುಳ್ಳುತಂತಿ, ಅದರಾಚೆ ಇಳಿಜಾರಲ್ಲಿ ಗೋವಿನಜೋಳದ ಹೊಲ, ಎದೆ ಮಟ್ಟ ಬೆಳೆದಿತ್ತು, ಅದರ ಕೆಳಗೆ ಬಾಳೆ ತೋಟ, ತೋಟದೊಳಗೆ ಹಳ್ಳಿ. ಒಂದೂಕಾಲರ ಹೊತ್ತಿಗೆ ಹಳ್ಳಿ ಕಡೆ ಟಪ್ ಟಪ್ ಅಂತ ಎರಡು, ಆಮೇಲೆ ಒಮ್ಮೆಲೇ ಬರ್ಸ್ಟ್. ನಾನು ಪಟಾಕಿ ಅನ್ಕೊಂಡೆ ಅಂದ್ರೆ ನಂಬ್ರಿ, ಐದು ವರ್ಷದ ಫೌಜಿ, ಒಂದು ಕ್ಷಣ ಯಾರದೋ ಮದುವೆ ಅನ್ಕೊಂಡೆ. ಸ್ಟ್ಯಾಂಡ್ ಟು, ಅಂದ್ರೆ ಎಲ್ಲಾರೂ ಹತಾರು ಹಿಡಿದು ತಯಾರಾಗ್ರಿ ಅನ್ನೋ ಆರ್ಡರ್ ಆಯ್ತು, ಎಲ್ಲಾ ಮೋರ್ಚಾಕ್ಕೆ ಓಡಿ ಬಂದ್ರು, ಒಬ್ಬ ಒಂದೇ ಕಾಲಿಗೆ ಬೂಟು ಹಾಕ್ಕೊಂಡಿದ್ದ. ಹವಾಲ್ದಾರ್ ಉಸ್ತಾದ್ ನನ್ನ ಹಿಂದೆ ಬಂದು ಕೂತು ಹೆಗಲ ಮೇಲೆ ಕೈ ಇಟ್ಟು "ಕೋಯಿ ಫಾಯರ್ ನಹೀಂ" ಅಂದ್ರು.

ಕೆಳಗೆ ಗುಡಿಸಲಿಗೆ ಬೆಂಕಿ ಬಿತ್ತು, ಆ ಬೆಳಕಲ್ಲಿ ಜೋಳದೊಳಗೆ ಏನೋ ಅಲ್ಲಾಡ್ತಾ ನಮ್ಮ ಕಡೆ ಬರ್ತಿರೋದು ಕಾಣ್ತು. ಒಂದಲ್ಲ, ಹೊಲಕ್ಕೆ ಹೊಲಾನೇ. ನನ್ನ ತಲೆಯಲ್ಲಿ ಕಿರುಂಬಾ. ನಾಲಿಗೆ ಒಣಗಿತ್ತು, ಸಿಮಾಮಾ ಅಂತ ಕೂಗಿದ್ರೆ ಸದ್ದೇ ಬರ್ತಿಲ್ಲ, ಎರಡನೇ ಸಲಕ್ಕೆ ಬಂತು. ಅಷ್ಟೊತ್ತಿಗೆ ಹಿಂದಿನಿಂದ 51 ಎಂಎಂ ಮೋರ್ಟಾರ್‌ನಿಂದ ರೋಶನಿ ಬಾಂಬ್ ಹಾರಿಸಿದ್ರು, ಅರ್ಧ ನಿಮಿಷ ಇರಬಹುದು, ಹಾಲು ಚೆಲ್ಲಿದಂಗೆ ಬೆಳಕು, ನೋಡಿದ್ರೆ ಎಲ್ಲಾ ಹಾಸಿಗೆ. ಹೌದು, ತಲೆ ಮೇಲೆ ಸ್ಪಾಂಜ್ ಹಾಸಿಗೆ ಸುತ್ತಿಟ್ಕೊಂಡ ಹೆಂಗಸ್ರು, ಬೆನ್ನಿಗೆ ಮಕ್ಕಳು, ಕೈಯಲ್ಲಿ ಹಳದಿ ಎಣ್ಣೆ ಕ್ಯಾನು, ಒಬ್ಬ ಮುದುಕ ಆಡು ಎಳ್ಕೊಂಡು. ಇನ್ನೂರು ಮುನ್ನೂರು ಮಂದಿ ತಂತಿಗೆ ಬಂದು ಒತ್ತಿದ್ರು. ಹಿಂದಿಂದ ಗುಂಡಿನ ಸದ್ದು ಹತ್ರ ಬರ್ತಿದೆ. ಗೇಟ್ ತೆಗೀಬೇಕೋ ಬೇಡ್ವೋ? ಇವರ ನಡುವೆ ಮಚ್ಚು ಹಿಡಿದವ ಒಬ್ಬ ಇದ್ರೆ? ಸುಬೇದಾರ್ ಸಾಬ್ ಒಂದು ನಿಮಿಷನೂ ತಗೊಳ್ಳಲಿಲ್ಲ, ಮೊದಲ ತಂತಿ ಮತ್ತು ಎರಡನೇ ತಂತಿ ನಡುವೆ ಇದ್ದ ಪಟ್ಟಿಗೆ ಬಿಡ್ರಿ, ಎಲ್ಲಾರ್ನೂ ಮಲಗಿಸ್ರಿ, ಒಳಗೆ ಯಾರೂ ಬೇಡ ಅಂದ್ರು. ಮ್ವಾಲಿಮು ಮೆಗಾಫೋನ್ ಹಿಡಿದು ಮಳೆಯಲ್ಲಿ ನಿಂತು ಕೂಗಿದ್ರು, ಅವರ ಮೈಮೇಲೆ ಬುಲೆಟ್‌ಪ್ರೂಫ್ ಇರಲಿಲ್ಲ.

ಆಮೇಲೆ ನಮ್ಮ ಎಡಗಡೆ ಜೋಳದ ಅಂಚಿನಿಂದ ಫೈರ್ ಬಂತು. ಒಂದು ನನ್ನ ಮುಂದಿನ ಸ್ಯಾಂಡ್‌ಬ್ಯಾಗ್‌ಗೆ ಬಿತ್ತು, ಸದ್ದು ಹೆಂಗೆ ಅಂದ್ರೆ ಒದ್ದೆ ಗೋಣಿಚೀಲಕ್ಕೆ ಬಡಿಗೆಯಿಂದ ಬಡಿದಂಗೆ. ಎರಡನೇ ರೋಶನಿ ಬಾಂಬ್‌ನಲ್ಲಿ ನಾಲ್ಕು ಮಂದಿ ಕಂಡ್ರು, ಬಂದೂಕು ಜನರ ಕಡೆ. ಕೂಗಿದ್ವಿ, ಗಾಳಿಯಲ್ಲಿ ಹೊಡೆದ್ವಿ. ನಿಲ್ಲಲಿಲ್ಲ. ಉಸ್ತಾದ್ ಕೈ ಹೆಗಲಿಂದ ತೆಗೆದು ಬೆನ್ನಿಗೆ ಒಂದು ತಟ್ಟಿದ್ರು, "ಮಾರ್". ನಾನು 11 ರೌಂಡ್ ಹೊಡೆದೆ. ಪಕ್ಕದ ಎಲ್‌ಎಂಜಿ, ಲೈಟ್ ಮಷೀನ್‌ಗನ್, ಹೊಡೀತು. ನಾಲ್ಕರಲ್ಲಿ ಒಬ್ಬ ಕೂತ. ಬಿದ್ದ ಅಂತ ಹೇಳಲ್ಲ, ಸುಸ್ತಾದವರು ಕೂತ ಹಂಗೆ ಕೂತ, ಬೆಳಕು ಹೋಯ್ತು. ಮುಂದಿನ ಬಾಂಬ್ ಬರೋ ಹೊತ್ತಿಗೆ ಅಲ್ಲಿ ಬರೀ ಜೋಳ.

ನಾಲ್ಕು ಗಂಟೆಗೆ ಎಲ್ಲಾ ತಣ್ಣಗಾಯ್ತು. ತಂತಿ ನಡುವೆ ಮಳೆಯಲ್ಲಿ ಮಲಗಿದ್ದ ಮಂದಿಗೆ ತಾಡಪತ್ರಿ ಹೊದಿಸಿದ್ವಿ, ಲಂಗರ್‌ನಿಂದ ದೊಡ್ಡ ಡೇಗಿಯಲ್ಲಿ ಸಕ್ಕರೆ ಜಾಸ್ತಿ ಹಾಕಿ ಚಹಾ. ಬೆಳಗಾದ ಮೇಲೆ ಪಾರ್ಟಿ ಕೆಳಗೆ ಹೋಯ್ತು, ನಾನೂ ಇದ್ದೆ. ಜೋಳದ ಎಲೆ ಮೇಲೆ ರಕ್ತ, ಮಳೆಗೆ ತೊಳೆದು ಗುಲಾಬಿ ಬಣ್ಣ ಆಗಿತ್ತು, ಎಳ್ಕೊಂಡು ಹೋದ ಗುರುತು, ತೋಟದ ಹಳ್ಳದವರೆಗೆ ಹೋಗಿ ನೀರಲ್ಲಿ ನಿಂತುಹೋಯ್ತು. ದೇಹ ಇಲ್ಲ. ಯಾರ ಗುಂಡು ಅಂತಾನೂ ಗೊತ್ತಿಲ್ಲ.

ಇಷ್ಟಾದ ಮೇಲೆ ಏನಾಯ್ತು ಅಂತೀರಿ? ಖೋಕಾ ಲೆಕ್ಕ, ಖೋಕಾ ಅಂದ್ರೆ ಗುಂಡು ಹಾರಿದ ಮೇಲೆ ಉಳಿಯೋ ಹಿತ್ತಾಳೆ ಚಿಪ್ಪು. ಹೊಡೆದ ಪ್ರತಿ ರೌಂಡಿಗೂ ಖಾಲಿ ಖೋಕಾ ಜಮಾ ಮಾಡ್ಬೇಕು. 11 ಹೊಡೆದಿದ್ದೆ, ಸಿಕ್ಕಿದ್ದು 9. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ, ಕೈ ಇನ್ನೂ ನಡುಗ್ತಾ ಇದೆ, ಮೋರ್ಚಾದ ಕೆಸರಲ್ಲಿ ಮಂಡಿಯೂರಿ ಎರಡು ಹಿತ್ತಾಳೆ ಚೂರು ಹುಡುಕ್ತಿದೀನಿ. ಒಳಗೊಳಗೇ ಅಳು ಬಂತು, ಗುಂಡಿಗೆ ಬರದ ಅಳು ಖೋಕಾಕ್ಕೆ ಬಂತು. ಹತ್ತನೇದು ಸ್ಯಾಂಡ್‌ಬ್ಯಾಗ್ ಸಂದಿಯಲ್ಲಿ ಸಿಕ್ತು. ಹನ್ನೊಂದನೇದು ಮಧ್ಯಾಹ್ನ ತಂತಿ ಹತ್ರ ಒಬ್ಬ ಹುಡುಗ ಬಾಯಿಗಿಟ್ಟು ಪೀಪಿ ಊದ್ತಿದ್ದ. ಒಂದು ಪ್ಯಾಕೆಟ್ ಬಿಸ್ಕತ್ ಕೊಟ್ಟೆ, ಕೊಡಲಿಲ್ಲ. ಎರಡು ಪ್ಯಾಕೆಟ್‌ಗೆ ಕೊಟ್ಟ. ಆಮೇಲೆ ಸ್ಟೇಟ್‌ಮೆಂಟ್, ಮೊದ್ಲು ಕಂಪನಿಗೆ, ಆಮೇಲೆ ಬಟಾಲಿಯನ್‌ಗೆ, ಹದಿನೈದು ದಿನ ಬಿಟ್ಟು ಯುಎನ್‌ನಿಂದ ಬಂದವರ ಮುಂದೆ ಇನ್ನೊಂದು ಸಲ. ಎಷ್ಟು ಸಲ ಕೂಗಿದಿ, ಯಾವ ಭಾಷೆಯಲ್ಲಿ, ಕೂಗಿದ್ದಕ್ಕೂ ಹೊಡೆದಿದ್ದಕ್ಕೂ ನಡುವೆ ಎಷ್ಟು ಸೆಕೆಂಡ್. ಡೈರಿ ಇದ್ದಿದ್ದಕ್ಕೆ ಮೂರೂ ಸಲ ಒಂದೇ ಥರ ಹೇಳಿದೆ. ಕೂತವನ ಬಗ್ಗೆ ಒಂದೇ ಸಾಲು, "ಒಬ್ಬನಿಗೆ ಪೆಟ್ಟಾದಂತೆ ಕಂಡಿತು".

ಅದಾದ ಮೇಲೆ ಐದು ತಿಂಗಳು ಪೆಟ್ರೋಲಿಂಗ್, ಕೆಸರು, ಕಾಯೋದು. ಆಗಸ್ಟ್‌ನಲ್ಲಿ ಗೋಮಾ ಉತ್ತರಕ್ಕೆ ಕಿಬಾಟಿಯಲ್ಲಿ ಆ ಹೊಸ ಬ್ರಿಗೇಡ್ ಮತ್ತು ಎಂ23 ನಡುವೆ ಜೋರು ಕಾದಾಟ ಆಯ್ತು, ನಮ್ಮ ಪೋಸ್ಟ್‌ನಲ್ಲಿ ಕೇರಂ ಟೂರ್ನಮೆಂಟ್ ನಡೀತಿತ್ತು. ಮೆಡಲ್ ಪೆರೇಡ್ ಆಯ್ತು, 90 ದಿನ ಮುಗಿಸಿದ ಎಲ್ಲಾರಿಗೂ ಆ ಮೆಡಲ್ ಸಿಗ್ತದೆ, ಊರಲ್ಲಿ ಯಾರಾದ್ರೂ ಶೌರ್ಯ ಪದಕ ಅಂದ್ರೆ ಹೌದು ಅನ್ನಬ್ಯಾಡ್ರಿ. ಬರೋವಾಗ ಕಟ್ಟಿಗೆ ಗೊಂಬೆ, ಚಾಪೆ ತರಬಹುದು. ದಂತದ ಬಳೆ, ಪ್ರಾಣಿ ಚರ್ಮ ಅಗ್ಗಕ್ಕೆ ತೋರಿಸ್ತಾರೆ, ಮುಟ್ಟಬ್ಯಾಡ್ರಿ, ಕಸ್ಟಮ್ಸ್‌ನಲ್ಲಿ ಸಿಕ್ಕಿದ್ರೆ ನೌಕರಿನೇ ಹೋಗ್ತದೆ.

ಗುಳಿಗೆ ವಿಷ್ಯ ಕಡೆಗೆ ಇಟ್ಟಿದೀನಿ, ಇದನ್ನ ಓದದೇ ಹೋಗಬ್ಯಾಡ್ರಿ. ಮಲೇರಿಯಾಕ್ಕೆ ನಮಗೆ ವಾರಕ್ಕೊಂದು ಮೆಫ್ಲೋಕ್ವಿನ್ ಕೊಡ್ತಿದ್ರು. ಅದು ತಗೊಂಡ ರಾತ್ರಿ ಬೀಳೋ ಕನಸು ಸಿನಿಮಾಗಿಂತ ಸ್ಪಷ್ಟ, ನಾನು ಒಮ್ಮೆ ನಮ್ಮ ಬಾವಿಯಲ್ಲಿ ಹಾಸಿಗೆಗಳು ತೇಲೋದು ಕಂಡು ಕಿರಚಿ ಎದ್ದಿದ್ದೆ. ವಾಪಸ್ ಬಂದ ಮೇಲೂ 4 ವಾರ ತಗೋಬೇಕು. ನಾನು ಶಾಣ್ಯಾ, ದಿಲ್ಲಿಗೆ ಇಳಿದ ದಿನ ಉಳಿದ ಗುಳಿಗೆ ಕಸದ ಬುಟ್ಟಿಗೆ ಹಾಕಿದೆ. ಊರಿಗೆ ಬಂದು ಎಂಟು ಒಂಬತ್ತು ದಿನಕ್ಕೆ ಚಳಿ ಜ್ವರ. ಊರ ಹತ್ರದ ಡಾಕ್ಟರ್ ರಕ್ತ ನೋಡಿ ಟೈಫಾಯ್ಡ್ ಅಂದು ಮೂರು ದಿನ ಸಲೈನ್ ಹಾಕಿದ್ರು, 4,200 ರೂಪಾಯಿ, ಕಣ್ಣು ಹಳದಿ ಆದವು, ಮಾತು ತೊದಲ್ತಿತ್ತಂತೆ. ತಪ್ಪು ನಂದೂ ಇದೆ, ಆಫ್ರಿಕಾದಿಂದ ಬಂದೀನಿ ಅಂತ ನಾನು ಹೇಳೇ ಇರಲಿಲ್ಲ. ತಮ್ಮ ಗಾಡಿ ಮಾಡಿ ಬೆಳಗಾವಿ ಮಿಲಿಟರಿ ಆಸ್ಪತ್ರೆಗೆ ಒಯ್ದ, ಅಲ್ಲಿ ಬಾಗಿಲಲ್ಲೇ ಕೇಳಿದ್ರು, ಎಲ್ಲಿಂದ ಬಂದಿ ಅಂತ. ಫಾಲ್ಸಿಪಾರಮ್ ಮಲೇರಿಯಾ. ಆರು ದಿನ ಅಲ್ಲೇ ಇದ್ದೆ. ಜ್ವರ ಬಂದ್ರೆ ಮೊದಲ ಮಾತು ಅದೇ ಆಗ್ಲಿ, ಆಫ್ರಿಕಾದಿಂದ ಬಂದೀನಿ, ಮಲೇರಿಯಾ ನೋಡ್ರಿ ಅಂತ.

ಆಸ್ಪತ್ರೆಯಲ್ಲಿ ಇದ್ದಾಗಲೇ ಯೂನಿಟ್ ದೋಸ್ತ್ ಫೋನಲ್ಲಿ ಹೇಳಿದ, ನವೆಂಬರ್ 5ಕ್ಕೆ ಎಂ23 ಹತಾರು ಕೆಳಗಿಟ್ಟಿದೆ ಅಂತ. ವಾರ್ಡ್‌ನಲ್ಲಿದ್ದ ಎರಡೂ ಪೇಪರ್ ತಿರುವಿ ಹಾಕಿದೆ, ಒಂದು ಸಾಲೂ ಇರಲಿಲ್ಲ. ಅಲೌನ್ಸ್ ಎರಡು ತಿಂಗಳದ್ದು ಇನ್ನೂ ಬಂದಿಲ್ಲ. ಪಾರ್ಟ್ ಟೂ ಆರ್ಡರ್, ಅಂದ್ರೆ ಯೂನಿಟ್‌ನ ದಾಖಲೆ, ಅದ್ರಲ್ಲಿ ಒಂದು ಪೀ, ಬ್ಯಾಂಕ್‌ನಲ್ಲಿ ಎರಡು ಪೀ, ಅಫಿಡವಿಟ್ ಕಾಪಿ ಮತ್ತೆ ಕಳಿಸು ಅಂದಾರೆ. ನಾಳೆ ಗೋಕಾಕಕ್ಕೆ ಹೋಗ್ಬೇಕು.

ಊರಲ್ಲಿ ಕಟ್ಟೆ ಮೇಲೆ ಕೂತ ಕಾಕಾಗಳು ಕೇಳೋದು ಒಂದೇ, "ಎಷ್ಟು ಮಂದಿನ್ನ ಹೊಡದಿಲೇ?" ನಾನು "ಇಲ್ಲ ಕಾಕಾ, ಗಾಡಿ ಹೊಡದೀನಿ" ಅಂತೀನಿ, ನಗ್ತಾರೆ. ಮೊನ್ನೆ ನಮ್ಮ ಹೊಲಕ್ಕೆ ನೀರಿನ ಪಾಳಿ ಇತ್ತು. ನಿಮಗೆ ಗೊತ್ತಲ್ಲ, ತ್ರೀ ಫೇಸ್ ಕರೆಂಟ್ ಕೊಡೋದೇ ರಾತ್ರಿ. ಒಂದು ಗಂಟೆಗೆ ಅಪ್ಪನ ಜೊತೆ ಹೋದೆ, ಅಪ್ಪ ಮೋಟರ್ ಚಾಲೂ ಮಾಡಿ "ಹೋಗಿ ಮ್ಯಾಲಿನ ಮಡಿಗೆ ನೀರು ತಿರುವು" ಅಂದ. ಮೇಲಿನ ಮಡಿಗೆ ಹೋಗ್ಬೇಕಂದ್ರೆ ಗೋವಿನಜೋಳದ ನಡುವಿನ ಬದುವಿನ ಮೇಲೇ ಹೋಗ್ಬೇಕು. ಗಾಳಿಗೆ ಎಲೆ ಒಂದಕ್ಕೊಂದು ತಾಗಿ ಸರ ಸರ ಅಂತಿದ್ವು. ಗುದ್ದಲಿ ಹಿಡ್ಕೊಂಡು ಎಷ್ಟು ಹೊತ್ತು ನಿಂತಿದ್ದೆ ಗೊತ್ತಿಲ್ಲ, ಕಾಲಡಿ ಕಾಲುವೆ ನೀರು ತುಂಬಿ ಬದು ಮೇಲೆ ಹರೀತಿತ್ತು. ಅಪ್ಪ ಬ್ಯಾಟರಿ ಹಿಡ್ಕೊಂಡು ಬಂದು ನನ್ನ ಮುಖಕ್ಕೆ ಬೆಳಕು ಬಿಡಲಿಲ್ಲ, ನೆಲಕ್ಕೆ ಬಿಟ್ಟ. ಗುದ್ದಲಿ ನನ್ನ ಕೈಯಿಂದ ತಗೊಂಡು ತಾನೇ ಒಳಗೆ ಹೋಗಿ ನೀರು ತಿರುವಿ ಬಂದ. ಏನೂ ಕೇಳಲಿಲ್ಲ. "ಮೋಟರ್ ಹತ್ರ ಕೂಡು ತಮ್ಮಾ, ಕರೆಂಟ್ ಹೋದ್ರ ಕೂಗು" ಅಂದ.